ಬಾಡಿಗೆ ಆರು ಸಾವಿರ, ಮನೆಗೆ ಅರವತ್ತು ಸಾವಿರ

ಒಂದೇ ವರ್ಷದಲ್ಲಿ ನಮ್ಮ ಮನೆತನದ ಇಬ್ಬರು ಮಕ್ಕಳು ಮೊದಲ ಸಲ ಬಾಡಿಗೆ ಮನೆ ಹಿಡಿದರು. ನನ್ನ ಮಗನಿಗೆ ಪುಣೆಯ ಹಿಂಜವಡಿಯಲ್ಲಿ ಕೆಲಸ. ಕಲಬುರಗಿ ಕಡೆಯವರಾದ ನಾವು ಈಗ ಇರುವುದು ಪುಣೆಯ ಹಡಪ್ಸರ್‌ನಲ್ಲಿ, ಆ ಊರಿನ ಇನ್ನೊಂದು ತುದಿ. ದಿನಾ ಆ ಟ್ರಾಫಿಕ್‌ನಲ್ಲಿ ಸಾಯುವುದು ಬೇಡ ಅಂತ ಇಬ್ಬರು ಗೆಳೆಯರ ಜೊತೆ ವಾಕಡ್‌ನಲ್ಲಿ ಫ್ಲಾಟ್ ಮಾಡಿದ. ಅಣ್ಣನ ಮಗಳು ಸುರಪುರದವಳು, ಲ್ಯಾಬ್ ಟೆಕ್ನಿಷಿಯನ್. ಅವಳಿಗೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ ಇರುವವರಿಗೆ ಹಾಸ್ಟೆಲ್ ಗೇಟಿನ ವೇಳೆ ಹೊಂದುವುದಿಲ್ಲ. ಹಾಗಾಗಿ ಸೇಡಂ ರಸ್ತೆ ಕಡೆ ಮಹಡಿ ಮೇಲಿನ ಒಂದು ಸಣ್ಣ ಮನೆ ನೋಡಿಕೊಂಡಳು.

ಪುಣೆ ತುಟ್ಟಿ, ಕಲಬುರಗಿ ಅಗ್ಗ ಅಂತ ನಾವೆಲ್ಲ ಮಾತಾಡುತ್ತೇವೆ. ಇಬ್ಬರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮಗನ ಪಾಲಿನ ಬಾಡಿಗೆ 10,000, ಸಂಬಳ 38,000. ಅವಳ ಬಾಡಿಗೆ 6,000, ಸಂಬಳ 22,000. ಇಬ್ಬರಿಗೂ ಸಂಬಳದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಮನೆಯೊಳಗೆ ಕಾಲಿಡುವ ಹೊತ್ತಿಗೆ ಮಗನ ಕೈಯಿಂದ ಹೋದದ್ದು ಸುಮಾರು 55,000. ಅವಳದ್ದು ಹತ್ತಿರ ಹತ್ತಿರ 60,000. ಅಗ್ಗದ ಊರಿನಲ್ಲಿ ಮೊದಲ ಮನೆ ತುಟ್ಟಿಯಾಯಿತು. ಹೀಗೇಕೆ ಆಗುತ್ತದೆ ಅಂತ ನಮ್ಮ ಕಡೆಯ ಮಕ್ಕಳಿಗೆ ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪುಣೆಯದು ಮೊದಲು ಹೇಳುತ್ತೇನೆ. ಅಲ್ಲಿ ಬ್ರೋಕರ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ. 30,000 ಬಾಡಿಗೆಯ ಫ್ಲಾಟಿಗೆ ಒಂದು ತಿಂಗಳ ಬಾಡಿಗೆ ಅವನಿಗೇ ಹೋಯಿತು. ಡಿಪಾಜಿಟ್ ಮೂರು ತಿಂಗಳದ್ದು, 90,000. ಮೂವರು ಹಂಚಿಕೊಂಡರು. ಆದರೆ ಫ್ಲಾಟಿನಲ್ಲಿ ಫ್ಯಾನು, ಲೈಟು, ಗೀಸರ್, ಗೋಡೆ ಕಪಾಟು, ಪೈಪ್ ಗ್ಯಾಸ್ ಎಲ್ಲ ಇತ್ತು. ಯಾವ್ಯಾವ ಸಾಮಾನು ಇದೆ, ಯಾವ ಸ್ಥಿತಿಯಲ್ಲಿದೆ ಅಂತ ಕರಾರಿಗೇ ಒಂದು ಪಟ್ಟಿ ಸೇರಿಸಿದ್ದರು. ಆ ಕರಾರು ನೋಂದಣಿಯೂ ಆಗಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಹನ್ನೊಂದು ತಿಂಗಳದ್ದಾದರೂ ಕರಾರು ಲಿಖಿತವಾಗಿರಬೇಕು, ನೋಂದಣಿ ಆಗಿರಬೇಕು. ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಅವನಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ತಕರಾರು ಎದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ಮೊದಲು ನಂಬಬೇಕು, ಅದು ಸುಳ್ಳು ಅಂತ ತೋರಿಸುವ ಭಾರ ಮಾಲೀಕನ ಮೇಲೆ. ಮಹಾನಗರ ಪಾಲಿಕೆ ಹದ್ದಿನಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಸ್ಟಾಂಪ್ ಶುಲ್ಕ ಒಟ್ಟು ಬಾಡಿಗೆಯ ಲೆಕ್ಕದಲ್ಲಿ ಶೇ. 0.25. ಬೆರಳಚ್ಚು ತೆಗೆದುಕೊಳ್ಳಲು ಏಜೆಂಟ್ ಮನೆಗೇ ಬಂದಿದ್ದ. ಇಪ್ಪತ್ಮೂರು ವರ್ಷದ ಹುಡುಗ, ಮೊದಲ ದಿನವೇ ಎಲ್ಲ ಲೆಕ್ಕ ಅವನ ಕೈಯಲ್ಲಿತ್ತು.

ಕಲಬುರಗಿಯಲ್ಲಿ ಕೆಲಸವಾಗಿದ್ದು ಒಂದು ಫೋನಿನಲ್ಲಿ. ಅಣ್ಣನ ಗೆಳೆಯರ ಪರಿಚಯದವರ ಮನೆ. ಬ್ರೋಕರ್ ಇಲ್ಲ, ಅಷ್ಟು ದುಡ್ಡು ಉಳಿಯಿತು. ಡಿಪಾಜಿಟ್ 30,000, ಬಾಯಿಮಾತಿನಲ್ಲೇ ಮುಗಿಯಿತು. ಬಾಗಿಲು ತೆಗೆದು ನೋಡಿದರೆ ಸೂರಿನಲ್ಲಿ ಫ್ಯಾನ್ ಇದ್ದ ಜಾಗದಲ್ಲಿ ಎರಡು ವೈರು ಟೇಪು ಸುತ್ತಿಕೊಂಡು ನೇತಾಡುತ್ತಿದ್ದವು. ಹೋಲ್ಡರ್ ಇದೆ, ಬಲ್ಬ್ ಇಲ್ಲ. ಹಿಂದಿನವರು ಬಚ್ಚಲ ಬಾಗಿಲಿನ ಕೊಂಡಿಯನ್ನೂ ಬಿಚ್ಚಿಕೊಂಡು ಹೋಗಿದ್ದರು. ನಮ್ಮ ಕಡೆ ಬಾಡಿಗೆ ಮನೆ ಅಂದರೆ ಗೋಡೆ, ಶಹಾಬಾದ್ ಫರಸಿ, ಸೂರು. ಉಳಿದದ್ದೆಲ್ಲ ನಿಮ್ಮದು.

ಹಾಗಾಗಿ ಪಟ್ಟಿ ಬೆಳೆಯಿತು. ಡಿಪಾಜಿಟ್ 30,000, ಮೊದಲ ಬಾಡಿಗೆ 6,000. ಎರಡು ಫ್ಯಾನಿಗೆ 3,000. ಕೂಲರ್ 6,500. ಗ್ಯಾಸ್ ಹೊಸ ಕನೆಕ್ಷನ್‌ಗೆ ಸಿಲಿಂಡರ್ ಠೇವಣಿ 2,200, ರೆಗ್ಯುಲೇಟರ್ 250, ಮೊದಲ ಸಿಲಿಂಡರ್‌ಗೆ 900ರಷ್ಟು, ಒಲೆ 2,000. ಮಂಚ, ಗಾದಿ 4,500. ಬಕೆಟು, ನೀರಿನ ಡ್ರಮ್ಮು, ಪರದೆ, ಬೀಗ ಇಂಥ ಚಿಲ್ಲರೆಗೆ 2,000. ಸುರಪುರದಿಂದ ಸಾಮಾನು ತಂದ ಗಾಡಿಗೆ 2,500. ಕೂಡಿಸಿದರೆ 59,850. ಅವಳ ಎರಡೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ. ಬಾಡಿಗೆ ಎಷ್ಟು ಅಂತ ಮಾತ್ರ ಕೇಳಿಕೊಂಡು ಹೊರಟವರಿಗೆ ಇದು ಎದೆ ಒಡೆಯುವ ಮೊತ್ತ ಅಲ್ವಾ? ಗ್ಯಾಸಿನ ಬಗ್ಗೆ ಒಂದು ಮಾತು. ಒಬ್ಬರೇ ಇರುವವರಿಗೆ, ವಿಳಾಸದ ದಾಖಲೆ ಇನ್ನೂ ಕೈಗೆ ಬಾರದವರಿಗೆ ಐದು ಕೆಜಿಯ ಛೋಟು ಸಿಲಿಂಡರ್ ಸಿಗುತ್ತದೆ. ಗುರುತಿನ ಚೀಟಿ ಇದ್ದರೆ ಸಾಕು.

ಈ ಅರವತ್ತು ಸಾವಿರ ಯಾರು ಕೊಟ್ಟರು? ಅಣ್ಣ ಕೊಟ್ಟ. ಅವಳಿಗೆ ಗೊತ್ತಾಗದಂತೆ, ಮಾಲೀಕರಿಗೊಮ್ಮೆ, ಅಂಗಡಿಯವನಿಗೊಮ್ಮೆ. "ಹುಡುಗಿಗ್ಯಾಕ ಈಗಿಂದ್ಲೇ ರೊಕ್ಕದ ಚಿಂತಿ" ಅಂದ. ಪ್ರೀತಿಯಿಂದಲೇ ಅಂದದ್ದು. ಆದರೂ ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಮಗಳಿಗೆ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅವಳ ಕೈಗೇ ಕೊಟ್ಟು, ಅವಳ ಕೈಯಿಂದಲೇ ಖರ್ಚಾಗಲಿ. ಎಷ್ಟು ಹೋಯಿತು ಅಂತ ಅವಳೇ ಬರೆಯಲಿ. ಇಲ್ಲದಿದ್ದರೆ ಮನೆ ನಡೆಸುವುದು ಅಂದರೆ ಆರು ಸಾವಿರದ ಕೆಲಸ ಅಂತ ಅವಳು ನಂಬಿಬಿಡುತ್ತಾಳೆ. ನಾಳೆ ಬೇರೆ ಊರಿಗೆ ವರ್ಗವಾದಾಗ ಮತ್ತೆ ಅಪ್ಪನ ಮುಖವನ್ನೇ ನೋಡಬೇಕಾಗುತ್ತದೆ.

ನಮ್ಮ ಊರಿನ ಬಜೆಟ್ಟಿನಲ್ಲಿ ಬಿಸಿಲಿಗೇ ಒಂದು ಸಾಲು ಬೇಕು. ಮೇಲ್ಮಹಡಿ ಮನೆಗೆ ಬಾಡಿಗೆ ಯಾಕೆ ಕಡಿಮೆ ಅಂತ ಮನೆ ನೋಡಲು ಹೋದಾಗ ತಿಳಿಯುವುದಿಲ್ಲ. ಕೆಳಗಿನ ಮನೆ 7,500, ಮೇಲಿನದು 6,000. ಡಿಸೆಂಬರಿನಲ್ಲಿ ನೋಡಿದರೆ ಮೇಲಿನದೇ ಚಂದ, ಗಾಳಿ ಬೆಳಕು ಚೆನ್ನಾಗಿದೆ ಅನಿಸುತ್ತದೆ. ಏಪ್ರಿಲ್-ಮೇನಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಸರ್ಕಾರವೇ ಆ ಎರಡು ತಿಂಗಳು ಈ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತದೆ. ಇಡೀ ದಿನ ಕಾದ ಸ್ಲ್ಯಾಬು ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಗೋಡೆ ಮುಟ್ಟಿದರೆ ಬೆಚ್ಚಗೆ. ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರು ಕೈ ಸುಡುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವಳು ಹಗಲು ಹೊತ್ತು ಅಲ್ಲಿ ಮಲಗಬೇಕು. ಕೂಲರ್ ಇಲ್ಲದೆ ಹೇಗೆ ಸಾಧ್ಯ?

180 ವ್ಯಾಟಿನ ಕೂಲರ್ ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 65 ಯೂನಿಟ್. 75 ವ್ಯಾಟಿನ ಹಳೆ ಮಾದರಿ ಫ್ಯಾನ್ 16 ತಾಸು ತಿರುಗಿದರೆ ಇನ್ನು 36. ಲೈಟು, ಮೊಬೈಲು, ಮಿಕ್ಸಿ ಸೇರಿ 110 ಆಗುತ್ತದೆ. ಗೃಹಜ್ಯೋತಿ ಇದೆಯಲ್ಲ ಅನ್ನುತ್ತೀರಿ. ಇದೆ, ಬಾಡಿಗೆದಾರರಿಗೂ ಇದೆ. ಆದರೆ 200 ಯೂನಿಟ್ ಎಲ್ಲರಿಗೂ ಬಿಟ್ಟಿ ಅಂತ ಅದರ ಅರ್ಥವಲ್ಲ. ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿರುತ್ತಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಬಿಲ್. 200 ದಾಟಿದರೆ ಪೂರ್ತಿ ಬಿಲ್. ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ತೆಗೆಸಿ ನಿಮ್ಮದನ್ನು ಜೋಡಿಸಬೇಕು. ಇದೆಲ್ಲಕ್ಕೂ ಮೊದಲು ನಿಮಗೆ ಬೇರೆ ಮೀಟರ್ ಇರಬೇಕು. ನಮ್ಮ ಹುಡುಗಿಯ ಮನೆಗೆ ಇರಲಿಲ್ಲ. ಕೆಳಗಿನ ಮೀಟರಿಗೇ ಒಂದು ಸಬ್ ಮೀಟರ್. ಮಾಲೀಕರು ಯೂನಿಟ್‌ಗೆ 8 ರೂಪಾಯಿ ಹಿಡಿದರು. ಮೇ ತಿಂಗಳಲ್ಲಿ 880 ರೂಪಾಯಿ. ಎರಡೂ ಮನೆಯ ಬಳಕೆ ಒಂದೇ ಮೀಟರಿಗೆ ಬಿದ್ದರೆ 200 ದಾಟುವುದು ಸುಲಭ, ಆಗ ಮಾಲೀಕರಿಗೂ ಯೋಜನೆಯ ಲಾಭವಿಲ್ಲ. ಮನೆ ನೋಡಲು ಹೋದಾಗ ಮೊದಲು ಮೀಟರ್ ತೋರಿಸಿ ಅನ್ನಿ. ಅಡುಗೆಮನೆ ಆಮೇಲೆ ನೋಡಿದರಾಯಿತು. ತಾರಸಿಗೆ ಬಿಳಿ ಸುಣ್ಣ ಬಳಿಸಿಕೊಡುತ್ತೀರಾ ಅಂತಲೂ ಕೇಳಿ. ಒಂದೆರಡು ಸಾವಿರದ ಕೆಲಸ. ಅರ್ಧ ಖರ್ಚು ನಾನು ಹಾಕುತ್ತೇನೆ ಅಂದರೂ ನಷ್ಟವಿಲ್ಲ.

ಕೂಲರಿಗೆ ನೀರೂ ಬೇಕು. ನಮ್ಮಲ್ಲಿ ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬೋರ್ ಇದೆಯಾ, ಬೇಸಿಗೆಯಲ್ಲಿ ಬತ್ತುತ್ತದಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು, ಈ ಮೂರನ್ನು ಮಾಲೀಕರಿಗಿಂತ ಪಕ್ಕದ ಮನೆಯವರನ್ನು ಕೇಳುವುದು ಒಳ್ಳೆಯದು.

ತಿಂಗಳ ಖರ್ಚಿಗೆ ಬರೋಣ. ಸಂಬಳದ ಮೂರನೇ ಒಂದು ಪಾಲಿಗಿಂತ ಬಾಡಿಗೆ ಜಾಸ್ತಿ ಇರಬಾರದು ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಊರಿಗೆ ದುಡ್ಡು ಕಳಿಸುವ ಮಕ್ಕಳ ಲೆಕ್ಕ ಅದರಲ್ಲಿಲ್ಲ. ಅವಳು ತಮ್ಮನ ಓದಿಗೆ ಅಂತ ತಿಂಗಳಿಗೆ 4,000 ಕಳಿಸುತ್ತಾಳೆ. ಬಾಡಿಗೆ 6,000, ರೇಷನ್ನು ತರಕಾರಿ ಗ್ಯಾಸು 4,500, ರಾತ್ರಿ ಪಾಳಿಯ ಆಟೋ 1,500, ಮೊಬೈಲ್ 500, ಕುಡಿಯುವ ನೀರಿನ ಕ್ಯಾನು ಮತ್ತಿತರ 400. ಕರೆಂಟಿಗೆ ಕೊಡುವ ಮುಂಚೆ ಉಳಿಯುವುದು 5,100. ಶಕ್ತಿ ಯೋಜನೆಯಿಂದ ಹಗಲಿನ ಬಸ್ಸು, ಸುರಪುರಕ್ಕೆ ಹೋಗಿ ಬರುವ ಬಸ್ಸು ಎರಡಕ್ಕೂ ದುಡ್ಡಿಲ್ಲ. ಅದೇ ಸಂಬಳದ ಹುಡುಗನಿಗೆ ಈ ಉಳಿತಾಯವಿಲ್ಲ. ಊರಿನಿಂದ ಜೋಳದ ಚೀಲ, ತೊಗರಿ ಬೇಳೆ, ಶೇಂಗಾ ಹಿಂಡಿ, ಖಡಕ್ ರೊಟ್ಟಿಯ ಡಬ್ಬಿ ಬರುತ್ತವೆ. ಅವಕ್ಕೂ ಪೇಟೆ ಬೆಲೆ ಹಾಕಿ ಬರೆದುಕೋ ಅಂತ ಹೇಳಿದೆ. "ಅವ್ವ ಕೊಟ್ಟಿದ್ದಕ್ಕೂ ಲೆಕ್ಕ ಇಡ್ಲೇನ್ರಿ ಕಾಕಾ?" ಅಂದಳು, ಮುಖ ಸಣ್ಣದು ಮಾಡಿಕೊಂಡು. ಇಡಲೇಬೇಕು. ಅವ್ವನ ಋಣ ತೀರಿಸಲಿಕ್ಕಲ್ಲ. ಒಂದು ವರ್ಷ ಮಳೆ ಕೈಕೊಟ್ಟು ಆ ಚೀಲ ಬರದಿದ್ದರೆ ತನಗೆ ಎಷ್ಟು ಬೇಕು ಅಂತ ಅವಳಿಗೆ ಗೊತ್ತಿರಲಿ.

ಪುಣೆಯಿಂದ ನಾವು ಕಲಿಯಬೇಕಾದ್ದು ಕಾಗದ. ಕಲಬುರಗಿಯಲ್ಲಿ ಪರಿಚಯದ ಮನೆಯವರ ಹತ್ತಿರ ಕರಾರು ಪತ್ರ ಕೇಳಿದರೆ, "ನಾವೇನು ಹೊರಗಿನವರೇನ್ರಿ, ಕಾಗದ ಯಾಕ ಬೇಕು?" ಅನ್ನುತ್ತಾರೆ. ನಂಬಿಕೆ ಇಲ್ಲದ್ದಕ್ಕೇ ಕೇಳುತ್ತಿದ್ದಾರೆ ಅಂತ ತಿಳಿಯುತ್ತಾರೆ. ಪರಿಚಯದವರ ಮಗನೊಬ್ಬ ಎರಡು ವರ್ಷದ ಮೇಲೆ ಮನೆ ಬಿಟ್ಟಾಗ ಸುಣ್ಣಬಣ್ಣಕ್ಕೆ ಅಂತ ಡಿಪಾಜಿಟ್‌ನಲ್ಲಿ ಎರಡು ತಿಂಗಳ ಬಾಡಿಗೆ ಹಿಡಿದುಕೊಂಡರು. ಒಂದೇ ತಿಂಗಳದ್ದು ಅಂತ ಮಾತಾಗಿತ್ತು ಅಂದ ಹುಡುಗ. ಇಲ್ಲ ಅಂದರು ಮಾಲೀಕರು. ಇಬ್ಬರೂ ತಮಗೆ ನೆನಪಿದ್ದನ್ನೇ ಹೇಳುತ್ತಿದ್ದರು ಅಂತ ನಾನು ನಂಬುತ್ತೇನೆ. ಎರಡು ಮನೆಗಳ ಹಳೇ ಸ್ನೇಹ ಅಲ್ಲಿಗೆ ಮುಗಿಯಿತು. ಒಂದು ಹಾಳೆ ಬರೆದಿಟ್ಟಿದ್ದರೆ ಉಳಿಯುತ್ತಿತ್ತು.

ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು ಅನ್ನುತ್ತದೆ 1908ರ ನೋಂದಣಿ ಕಾಯ್ದೆ. ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳದ್ದು ಮಾಡುತ್ತಾರೆ. ಅದನ್ನಾದರೂ ಸ್ಟಾಂಪ್ ಕಾಗದದ ಮೇಲೆ ಮಾಡಿಸಿ. ಡಿಪಾಜಿಟ್ ಎಷ್ಟು, ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆ ಎಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವ ಮುಂಚೆ ಎಷ್ಟು ದಿನ ಮೊದಲು ಹೇಳಬೇಕು, ಇಷ್ಟು ಬರೆದರೆ ಸಾಕು. ಬಾಡಿಗೆಯನ್ನು ಫೋನಿನಿಂದ ಮಾಲೀಕರ ಖಾತೆಗೇ ಹಾಕಿದರೆ ಪ್ರತಿ ತಿಂಗಳೂ ತಾನಾಗಿಯೇ ಪುರಾವೆ ಉಳಿಯುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಡಿಪಾಜಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಿದೆ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದು ಜಾರಿಗೆ ಬರುತ್ತದೆ. ಆದರೂ ಐದು ತಿಂಗಳದ್ದು ಕೇಳಿದಾಗ ಆ ಮಾತನ್ನು ಮುಂದಿಟ್ಟು ಚೌಕಾಸಿ ಮಾಡಬಹುದು.

ಇನ್ನೊಂದು ಖರ್ಚು ಯಾವ ಪಟ್ಟಿಯಲ್ಲೂ ಬರುವುದಿಲ್ಲ. "ಯಾವ ಪೈಕಿ ನೀವು?" ಅನ್ನುವ, ಜಾತಿ ಕೇಳುವ ಪ್ರಶ್ನೆ ನಮ್ಮ ಊರಿನಲ್ಲಿ ಬಾಡಿಗೆಯ ಮಾತಿಗಿಂತ ಮುಂಚೆ ಬರುತ್ತದೆ. ಪುಣೆಯ ಸೊಸೈಟಿಗಳಲ್ಲೂ ಬ್ಯಾಚುಲರ್ ಬೇಡ, ಮಾಂಸ ತಿನ್ನುವವರು ಬೇಡ ಅನ್ನುತ್ತಾರೆ, ಆ ಊರನ್ನು ನಾನು ಹೊಗಳುತ್ತಿಲ್ಲ. ಹತ್ತು ಮನೆಯಲ್ಲಿ ಏಳು ಮನೆಯ ಬಾಗಿಲು ಮುಚ್ಚಿದರೆ ಉಳಿದ ಮೂರರಲ್ಲಿ ಹೇಳಿದಷ್ಟು ಬಾಡಿಗೆ ಕೊಡಬೇಕಾಗುತ್ತದೆ. ದಲಿತರ, ಮುಸ್ಲಿಮರ ಮಕ್ಕಳು, ಒಂಟಿ ಹೆಣ್ಣುಮಕ್ಕಳು ಅದೇ ಸಂಬಳದಲ್ಲಿ ಆಸ್ಪತ್ರೆಯಿಂದ ದೂರದ ಮನೆ ಹಿಡಿದು, ದಿನಾ ಆಟೋಕ್ಕೆ ಹೆಚ್ಚು ಸುರಿಯುತ್ತಾರೆ. ಇದು ಅನ್ಯಾಯ. ಮನೆ ಬಾಡಿಗೆಗೆ ಕೊಡುವ ನಮ್ಮ ಬಂಧುಗಳಿಗೆ ನಾವು ಇದನ್ನು ಬಾಯಿಬಿಟ್ಟು ಹೇಳಬೇಕು.

ಕಲಬುರಗಿಯಲ್ಲಿ ಇರುವುದು ಪುಣೆಯಲ್ಲಿ ಇಲ್ಲ ಅನ್ನುವುದೂ ನಿಜ. ಅವಳಿಗೆ ಒಂದು ತಿಂಗಳು ಸಂಬಳ ತಡವಾಯಿತು. "ಬಂದಾಗ ಕೊಡವ್ವ, ಊಟಕ್ಕ ತ್ರಾಸ ಮಾಡ್ಕೊಬ್ಯಾಡ" ಅಂದರು ಮಾಲೀಕರ ಮನೆಯ ಅಜ್ಜಿ. ಮಗನ ಫ್ಲಾಟಿನ ಮಾಲೀಕ ಇರುವುದು ಬೇರೆ ದೇಶದಲ್ಲಿ. ಐದನೇ ತಾರೀಖು ದಾಟಿದರೆ ಮೆಸೇಜ್ ಬರುತ್ತದೆ. ಮಧ್ಯದಲ್ಲಿ ಬಿಟ್ಟರೆ ಲಾಕ್-ಇನ್, ಅಂದರೆ ಇಷ್ಟು ತಿಂಗಳು ಇರಲೇಬೇಕು ಅನ್ನುವ ಷರತ್ತು, ಅಂತ ಡಿಪಾಜಿಟ್ ಹೋಗುತ್ತದೆ. ಅಜ್ಜಿಯ ಆ ಮಾತಿಗೆ ಬೆಲೆ ಕಟ್ಟಲು ನನ್ನಿಂದ ಆಗದು. ಆದರೆ ಎಲ್ಲ ಮನೆಯಲ್ಲೂ ಅಂಥ ಅಜ್ಜಿ ಇರುವುದಿಲ್ಲ. ಅದಕ್ಕೇ ಉಳಿಯುವ 5,100ರಲ್ಲಿ 3,000ವನ್ನು ಬೇರೆ ಖಾತೆಗೆ ಹಾಕು, ಮೂರು ತಿಂಗಳ ಬಾಡಿಗೆ ಜಮೆ ಆಗುವವರೆಗೆ ಮುಟ್ಟಬೇಡ ಅಂತ ಅವಳಿಗೆ ಹೇಳಿದ್ದೇನೆ. ಆರು ತಿಂಗಳ ಕೆಲಸ.

ಅಣ್ಣನಿಗೂ ಒಂದು ಮಾತು ಹೇಳಿದೆ. ಡಿಪಾಜಿಟ್ 30,000 ನೀ ಕೊಟ್ಟದ್ದು, ಆದರೆ ಮನೆ ಬಿಟ್ಟಾಗ ಅದು ಅವಳ ಕೈಗೆ ಬರಲಿ, ಮುಂದಿನ ಮನೆಗೆ ಅವಳೇ ಹಾಕಲಿ. ಈ ಸಲ ಬಾಯಿಮಾತು ಬಿಟ್ಟು ಕರಾರು ಬರೆಸೋಣ, ಅದರಲ್ಲೂ ಅವಳ ಹೆಸರೇ ಇರಲಿ, ನಿನ್ನದಲ್ಲ. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ ಹೂಂ ಅಂದ. ಆ ಕರಾರು ಬರೆಸುವಾಗ ಮಾಲೀಕರ ಜೊತೆ ಕೂತು ಮಾತಾಡುವವಳು ಅವಳೇ. ಬೇರೆ ಮೀಟರ್ ಹಾಕಿಸಿಕೊಟ್ಟರೆ ಬಾಡಿಗೆ 300 ಏರಿಸಲು ಒಪ್ಪುತ್ತೇನೆ ಅಂತ ಆಗಲೇ ಲೆಕ್ಕ ಹಾಕಿಕೊಂಡಿದ್ದಾಳೆ.