ಏಳೂವರೆ ಶೋ, ಹತ್ತಕ್ಕೆ ಊಟ

ಬೆಂಗಳೂರಿನ ಸಿನಿಮಾ ಹುಚ್ಚರ ಬಳಗದಲ್ಲಿ ಸಿನಿಮಾಕ್ಕಿಂತ ಮೊದಲು ಬಿಡುಗಡೆಯಾಗುವುದು ಊಟದ ಪ್ಲ್ಯಾನು. ಪೋಸ್ಟರ್‌ನಲ್ಲಿ ನಾಯಕನ ಬೆನ್ನಷ್ಟೇ ಕಂಡಿರುತ್ತದೆ. ಕ್ಲೈಮ್ಯಾಕ್ಸ್ ಏನೆಂದು ನಿರ್ದೇಶಕರಿಗೇ ಇನ್ನೂ ಖಾತ್ರಿ ಇರುವುದಿಲ್ಲ. ಅಷ್ಟರಲ್ಲೇ ವಾಟ್ಸ್ಆ್ಯಪ್‌ನಲ್ಲಿ ಹೊಸ ಗ್ರೂಪು ಹುಟ್ಟಿ, "ಫಸ್ಟ್ ಡೇ, ಏಳೂವರೆ ಶೋ, ಹತ್ತಕ್ಕೆ ಬಿರಿಯಾನಿ. ಯಾರ್ಯಾರು ಬರ್ತೀರೋ ಹೇಳ್ರೋ" ಎಂಬ ಸಂದೇಶವೂ ಬಂದಾಗಿರುತ್ತದೆ. ಈ ಸಂದೇಶದಲ್ಲಿ ನಾಲ್ಕು ತಪ್ಪುಗಳಿವೆ.

ಮೊದಲನೆಯದು ದಿನ. ಪೋಸ್ಟರ್ ಮೇಲಿನ ತಾರೀಖು ನಿರ್ಮಾಪಕರ ಆಸೆ ಮಾತ್ರ. 'ಕೆಜಿಎಫ್: ಚಾಪ್ಟರ್ 2' ಮೊದಲು 2020ರ ಅಕ್ಟೋಬರ್ 23ಕ್ಕೆ ಎಂದರು, ಆಮೇಲೆ 2021ರ ಜುಲೈ 16 ಎಂದರು. ಕೊರೊನಾ ಕಾಲ ದಾಟಿ ಅದು ತೆರೆಗೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಅಂದು ಅಂಬೇಡ್ಕರ್ ಜಯಂತಿ, ಊರಿಗೇ ರಜೆ. ಮೊದಲ ತಾರೀಖು ನಂಬಿ ಮ್ಯಾನೇಜರ್ ಹತ್ತಿರ "ಅಜ್ಜಿಗೆ ಹುಷಾರಿಲ್ಲ" ಎಂದವರ ಅಜ್ಜಿಯಂದಿರು ಸುಮ್ಮನೆ ಒಂದೂವರೆ ವರ್ಷ ಹಾಸಿಗೆ ಹಿಡಿಯಬೇಕಾಯಿತು. ರಜೆ ಬರೆಯುವುದು ಬುಕಿಂಗ್ ಓಪನ್ ಆದ ಮೇಲೇ ಇರಲಿ. ಸಾಮಾನ್ಯವಾಗಿ ಅದು ಬಿಡುಗಡೆಗೆ ಎರಡು ಮೂರು ದಿನ ಮುಂಚೆ ತೆರೆಯುತ್ತದೆ, ದೊಡ್ಡ ಚಿತ್ರವಾದರೆ ಇನ್ನೂ ಮೊದಲೇ.

ಎರಡನೆಯದು "ಯಾರ್ಯಾರು ಬರ್ತೀರೋ". ಹೀಗೆ ಕೇಳಿದರೆ ಹತ್ತು ಹೆಬ್ಬೆಟ್ಟಿನ ಇಮೋಜಿ ಬರುತ್ತವೆ. ಅವುಗಳಲ್ಲಿ ನಾಲ್ಕು ಖಚಿತ, ಮೂರು "ನೋಡೋಣ ಮಗಾ", ಎರಡು ಕೈತಪ್ಪಿ ಒತ್ತಿದ್ದು, ಇನ್ನೊಂದು ಊರಲ್ಲೇ ಇಲ್ಲದವನದ್ದು. ಇದಕ್ಕಿರುವ ಮದ್ದು ಒಂದೇ: ದುಡ್ಡು ಮೊದಲು, ಸೀಟು ಆಮೇಲೆ. ಯುಪಿಐನಲ್ಲಿ ಹಣ ಹಾಕಿದವನೇ ಬರುವವನು. ಕೇಳುವಾಗ ಟಿಕೆಟ್ ದರವನ್ನಷ್ಟೇ ಕೇಳಿ ಕೈಸುಟ್ಟುಕೊಳ್ಳಬೇಡಿ. ಆ್ಯಪ್‌ನಲ್ಲಿ ತಲೆಗಿಷ್ಟು ಎಂದು ಕನ್ವೀನಿಯನ್ಸ್ ಫೀ ಸೇರುತ್ತದೆ, ಆ ಫೀ ಮೇಲೆ 18% ಜಿಎಸ್‌ಟಿ ಸೇರುತ್ತದೆ. ಎಂಟು ಜನರ ಬುಕಿಂಗ್‌ನಲ್ಲಿ ಇದೇ ಒಂದು ಟಿಕೆಟ್ಟಿನ ದುಡ್ಡಿನ ಹತ್ತಿರ ಬರಬಹುದು. ಅದನ್ನು ಬುಕ್ ಮಾಡಿದವನ ತಲೆಗೇ ಕಟ್ಟುವುದು ಬಳಗದ ಅಲಿಖಿತ ಸಂವಿಧಾನ.

ಸೀಟು ಆರಿಸುವಾಗ ನಕ್ಷೆಯಲ್ಲಿ ಪರದೆ ಯಾವ ಕಡೆ ಇದೆ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಪರದೆಯ ಗುರುತು ಕೆಳಗಿರುತ್ತದೆ, ಅವಸರದಲ್ಲಿರುವವರು ಮೇಲಿದೆ ಎಂದುಕೊಳ್ಳುತ್ತಾರೆ. 'ಎ' ಸಾಲು ಒಂದು ಚಿತ್ರಮಂದಿರದಲ್ಲಿ ಹಿಂದಿದ್ದರೆ ಇನ್ನೊಂದರಲ್ಲಿ ಪರದೆಯ ಮೂಗಿನಡಿ. "ಎಂಥಾ ಸೀಟ್ ಹಿಡಿದೆ ನೋಡು ಗುರು" ಎಂದು ಬೀಗಿದವನ ಜೊತೆ ಎಂಟೂ ಜನ ಕತ್ತು ಮೇಲೆತ್ತಿಕೊಂಡು, ನಾಯಕನ ಮೂಗಿನ ಹೊಳ್ಳೆಯನ್ನೇ ಎರಡೂವರೆ ಗಂಟೆ ನೋಡುವ ಪ್ರಸಂಗ ಬರುವುದು ಹೀಗೆ.

ಮೂರನೆಯದು "ಹತ್ತಕ್ಕೆ". ನಾಲ್ಕರಲ್ಲಿ ದೊಡ್ಡ ತಪ್ಪು ಇದೇ. ಇದನ್ನು ಮಾಡದ ಬಳಗ ಈ ಊರಲ್ಲಿಲ್ಲ. ಏಳೂವರೆ ಎನ್ನುವುದು ಟಿಕೆಟ್ ಮೇಲಿನ ಹೊತ್ತು. ಆ ಹೊತ್ತಿಗೆ ಶುರುವಾಗುವುದು ಪಾನ್ ಮಸಾಲ, ಅಪಾರ್ಟ್‌ಮೆಂಟು, ಬಂಗಾರದ ಅಂಗಡಿ. 2025ರಲ್ಲಿ ಬೆಂಗಳೂರಿನ ಗ್ರಾಹಕರೊಬ್ಬರು 25 ನಿಮಿಷದ ಜಾಹೀರಾತು ನೋಡಿ ಬೇಸತ್ತು ಗ್ರಾಹಕ ನ್ಯಾಯಾಲಯದಲ್ಲಿ ಗೆದ್ದೇಬಿಟ್ಟರು. ಟಿಕೆಟ್ ಮೇಲೆ ಸಿನಿಮಾ ನಿಜವಾಗಿ ಶುರುವಾಗುವ ಹೊತ್ತನ್ನೇ ಮುದ್ರಿಸಬೇಕು ಎಂದಿತು ಆ ನ್ಯಾಯಾಲಯ. ಮುಂದೆ ಹೈಕೋರ್ಟ್ ತಡೆ ಕೊಟ್ಟಿತು, ಬಂಗಾರದ ಅಂಗಡಿ ಮರಳಿ ಬಂತು.

ಈಗ ಲೆಕ್ಕ ಹಾಕೋಣ. ಜಾಹೀರಾತಿಗೆ ಇಪ್ಪತ್ತು ನಿಮಿಷ ಎಂದರೆ ಸಿನಿಮಾ ಶುರು 7.50ಕ್ಕೆ. 'ಕೆಜಿಎಫ್ 2' ಅಳತೆಯ ಚಿತ್ರವಾದರೆ 168 ನಿಮಿಷ. ನಡುವೆ ಇಂಟರ್ವಲ್ ಹದಿನೈದು. ಗಂಟೆ ಆಗಲೇ 10.53. ಕೊನೆಯಲ್ಲಿ ಮುಂದಿನ ಭಾಗದ ಸುಳಿವು ಬರುತ್ತದೆ ಎಂದು ಹೆಸರುಗಳೆಲ್ಲ ಮುಗಿಯುವವರೆಗೂ ಕೂರುವವನೊಬ್ಬ ಎಲ್ಲ ಬಳಗದಲ್ಲೂ ಇರುತ್ತಾನೆ, ಅವನಿಗೆ ಐದು ನಿಮಿಷ. ಮಾಲ್‌ನ ಬೇಸ್‌ಮೆಂಟ್‌ನಲ್ಲಿ ಗಾಡಿ ಹುಡುಕಿ ಹೊರಗೆ ಬರಲು ಇಪ್ಪತ್ತು. ಅಂತೂ 11.18ಕ್ಕೆ ರಸ್ತೆಗೆ ಬಿದ್ದಿರಿ. ಹೋಟೆಲು ರಾತ್ರಿ ಒಂದರವರೆಗೆ ತೆರೆದಿರಬಹುದೆಂದು 2024ರಲ್ಲಿ ಸರ್ಕಾರವೇನೋ ಅನುಮತಿ ಕೊಟ್ಟಿದೆ, ಆದರೆ ಅಡುಗೆಮನೆಯ ಒಲೆಗೆ ಆ ಆದೇಶ ತಲುಪಿಲ್ಲ. ಹೆಚ್ಚಿನ ಕಡೆ ಲಾಸ್ಟ್ ಆರ್ಡರ್ ಹತ್ತೂವರೆ, ಹನ್ನೊಂದು. ಮೇಜಿನ ಮೇಲೆ ಕುರ್ಚಿ ಏರಿಸುತ್ತಿರುವ ಹುಡುಗ ನಿಮ್ಮ ಕಡೆ ನೋಡುವ ನೋಟದಲ್ಲೇ ಮೆನು ಕಾರ್ಡ್ ಪೂರ್ತಿ ಇರುತ್ತದೆ.

ಮೆಟ್ರೊ ನಂಬಿದವರ ಕತೆ ಬೇರೆ. ಮೆಜೆಸ್ಟಿಕ್‌ನಿಂದ ಕೊನೆಯ ರೈಲು ಹನ್ನೊಂದೂವರೆ ಆಸುಪಾಸಿಗೆ. ಕೆ.ಜಿ. ರಸ್ತೆಯಲ್ಲಿ ಸಿನಿಮಾ ನೋಡಿದವರಿಗೆ ಊಟ, ರೈಲು ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ.

ಹಾಗಾಗಿ ಸೆನ್ಸಾರ್ ಆಗಿ ಚಿತ್ರದ ಅವಧಿ ಗೊತ್ತಾಗುವವರೆಗೆ ಊಟದ ಜಾಗ ಗೊತ್ತುಮಾಡಬೇಡಿ. ಅವಧಿ 140 ನಿಮಿಷ ದಾಟಿದರೆ ಏಳೂವರೆಯ ಶೋಗೆ ಮೊದಲೇ ಉಣ್ಣಿ. ಆರಕ್ಕೆ ಕೂತು ಏಳಕ್ಕೆ ಏಳಿ, ಅನ್ನ ಕಮ್ಮಿ ಇರಲಿ. ಹೊಟ್ಟೆ ಬಿರಿಯ ಉಂಡು ಎಸಿಯಲ್ಲಿ ಕೂತವನು ನಾಯಕನ ಎಂಟ್ರಿಗೆ ಎದ್ದು, ಇಂಟರ್ವಲ್‌ವರೆಗೆ ಮಲಗಿ, ಆಮೇಲೆ "ಸೆಕೆಂಡ್ ಹಾಫ್ ಲ್ಯಾಗ್ ಮಗಾ" ಎಂದು ವಿಮರ್ಶೆ ಬರೆಯುತ್ತಾನೆ.

ನಾಲ್ಕನೆಯದು "ಬಿರಿಯಾನಿ". ಕನ್ನಡ ಸಿನಿಮಾ ಬಿಡುಗಡೆಯಾಗುವುದು ಹೆಚ್ಚಾಗಿ ಶುಕ್ರವಾರ. ಎಂಟು ಜನರಲ್ಲಿ ಇಬ್ಬರಿಗಾದರೂ ಅದು ಅಮ್ಮನವರ ವಾರ, ಮಾಂಸ ಮುಟ್ಟುವುದಿಲ್ಲ. ಶನಿವಾರಕ್ಕೆ ತಳ್ಳೋಣವೆಂದರೆ ಇನ್ನಿಬ್ಬರಿಗೆ ಆಂಜನೇಯನ ವಾರ. ಶ್ರಾವಣ ಬಂದರಂತೂ ದೊನ್ನೆ ಬಿರಿಯಾನಿ ಮಾತೇ ಎತ್ತುವಂತಿಲ್ಲ. ಸಸ್ಯಾಹಾರಕ್ಕೆ ಒಪ್ಪಿ, "ಹಾಗಾದ್ರೆ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ" ಎಂದು ಗಾಂಧಿ ಬಜಾರ್ ಕಡೆ ಗಾಡಿ ತಿರುಗಿಸಿದಿರೋ, ಅಲ್ಲಿ ವಾರದ ರಜೆ ಇರುವುದೇ ಶುಕ್ರವಾರ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ರಜೆ ಸೋಮವಾರ, ಅದು ಬಚಾವು. ಊರ್ವಶಿಯಲ್ಲಿ ಬೆಳಗಿನ ಶೋ ನೋಡಿ ಅಲ್ಲಿಗೆ ನಡೆದೇ ಹೋಗಬಹುದು. ಆದರೆ ಮಧ್ಯಾಹ್ನದ ಊಟಕ್ಕೆ ಹೆಸರು ಬರೆಸಿ ಕಾಯಬೇಕು. ಇಬ್ಬರನ್ನು ಇಂಟರ್ವಲ್‌ನಲ್ಲೇ ಕಳಿಸಿಬಿಡೋಣ ಎಂಬ ಸಲಹೆ ಪ್ರತಿ ಸಲವೂ ಬರುತ್ತದೆ, ಆ ಇಬ್ಬರು ಯಾರೆಂದು ತೀರ್ಮಾನವಾಗುವಷ್ಟರಲ್ಲಿ ಸಿನಿಮಾ ಮುಗಿದಿರುತ್ತದೆ.

ರಾತ್ರಿ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಕೊನೆಗೆ ಕಾಯುವುದು ಎಗ್ ರೈಸ್, ಗೋಬಿ ಗಾಡಿ. ಶುಕ್ರವಾರದ ವ್ರತದವರಿಗೆ ಗೋಬಿಯೇ ಗತಿ. ಬಾಣಲೆ, ಸೌಟು ಒಂದೇ ಎಂಬುದನ್ನು ಅವರು ನೋಡದಂತೆ ಮಾತಿಗೆಳೆಯುವುದು ಉಳಿದವರ ಕರ್ತವ್ಯ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ತಟ್ಟೆಯಲ್ಲಿರುವುದು ಕುಂಕುಮದ ಬಣ್ಣಕ್ಕಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

ಒಳಗೇ ಏನಾದರೂ ತಿಂದರಾಯಿತು ಎನ್ನುವವರಿಗೆ ಒಂದು ಮಾತು. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಕುಡಿಯುವ ನೀರು ಮಾತ್ರ ಪುಕ್ಕಟೆ ಕೊಡಲೇಬೇಕು, ಹಾಗಾಗಿ ಬಾಟಲಿ ಕೊಳ್ಳುವ ಮುಂಚೆ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿ. ತೋರಿಸುತ್ತಾರೆ, ಕಾರಿಡಾರ್‌ನ ಆ ತುದಿಯಲ್ಲಿ. ಇಷ್ಟರ ಮೇಲೂ ಬ್ಯಾಗಿನ ತಳದಲ್ಲಿ ತಿಂಡಿ ಸಾಗಿಸುವ ಶೂರರು ಚಕ್ಕುಲಿ, ಕೋಡುಬಳೆ ಕಟ್ಟಿಕೊಂಡು ಹೋಗುತ್ತಾರೆ. ತಪ್ಪು ಆಯ್ಕೆ. ನಾಯಕನ ತಾಯಿ ಕೊನೆಯುಸಿರೆಳೆಯುವಾಗ ಸಂಗೀತ ನಿಂತುಬಿಡುತ್ತದೆ, ಆ ಮೌನದಲ್ಲಿ ಒಂದು ಕಟುಂ ಶಬ್ದ ಬಾಲ್ಕನಿಯಿಂದ ಗಾಂಧಿ ಕ್ಲಾಸ್‌ವರೆಗೆ ಕೇಳಿಸುತ್ತದೆ. ಮೆತ್ತಗಿನ ಹೋಳಿಗೆ ಸದ್ದು ಮಾಡುವುದಿಲ್ಲ. ತುಪ್ಪ ಮಾತ್ರ ಹಚ್ಚಬೇಡಿ, ಕತ್ತಲಲ್ಲಿ ಕೈ ಒರೆಸಲು ಸಿಗುವುದು ಪಕ್ಕದವರ ಶಾಲು.

ಬಿಲ್ಲಿನ ಹೊತ್ತಿಗೆ ಗೆಳೆತನದ ನಿಜವಾದ ಕ್ಲೈಮ್ಯಾಕ್ಸ್. ಏಳು ಜನ ಸೂಪು ಬೈಟು ಹೇಳಿದರೆ ಮೂರೂವರೆ ಸೂಪು, ಅರ್ಧ ಸೂಪು ಯಾವ ಅಡುಗೆಮನೆಯಲ್ಲೂ ಇಲ್ಲ. ಮೊಸರನ್ನ ಮಾತ್ರ ತಿಂದವನು ಸಮಪಾಲಿಗೆ ತಕರಾರು ತೆಗೆಯುತ್ತಾನೆ, ಅದು ನ್ಯಾಯವೇ. ಬರೀ ಮೊಸರನ್ನ ಎಂದವನು ಎಲ್ಲರ ತಟ್ಟೆಯಿಂದ ಒಂದೊಂದು ಗೋಬಿ ಎತ್ತಿದ್ದನ್ನು ನೆನಪಿಸುವುದೂ ನ್ಯಾಯವೇ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5%, ಅದನ್ನು ಕೊಡಲೇಬೇಕು. ಅದರ ಕೆಳಗೆ ಸರ್ವೀಸ್ ಚಾರ್ಜ್ ಎಂದು ಇನ್ನೊಂದು ಸಾಲಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹಾಗೆ ಹೇಳಿತ್ತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಿಲ್ಲಿನಿಂದ ತೆಗೆಸಿ, ಬಡಿಸಿದವರ ಕೈಗೇ ಟಿಪ್ಸ್ ಕೊಡಿ. ಉಳಿದದ್ದರಲ್ಲಿ ಎಂಟು ಸಾದಾ ಬೀಡಾ ಬರುತ್ತದೆ, ಅಂಗಡಿ ತೆರೆದಿದ್ದರೆ.