ಸತ್ಯಾಂಶ: ಹೋಟೆಲ್ ನೌಕರರು ಎಲ್ಲ ಕಾಯಿಲೆಗಳನ್ನೂ ಮಾಲೀಕರಿಗೆ ಹೇಳಲೇಬೇಕೇ?

ಉಡುಪಿಯ ಹೋಟೆಲ್ ಕಾರ್ಮಿಕರ ನಡುವೆ ಓಡಾಡುವ ವಾಟ್ಸ್‌ಆ್ಯಪ್ ಸಂದೇಶವೊಂದರ ಸಾರಾಂಶ: ‘ಆಹಾರ ಸುರಕ್ಷತಾ ಕಾನೂನಿನಂತೆ ಎಚ್‌ಐವಿ ಸೇರಿ ಎಲ್ಲ ಕಾಯಿಲೆಗಳನ್ನೂ ಮಾಲೀಕರಿಗೆ ತಿಳಿಸಬೇಕು, ಇಲ್ಲವಾದರೆ ಕೆಲಸ ಹೋಗುತ್ತದೆ.’ ಇದರಲ್ಲಿ ಅರ್ಧ ನಿಜ ಬೆರೆತಿದೆ; ಜನ ನಂಬುವುದೂ ಅದಕ್ಕೇ.

2011ರ ಆಹಾರ ಪರವಾನಗಿ ನಿಯಮಗಳ ಪ್ರಕಾರ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ದೋಸೆ ಹಿಟ್ಟಿಗೆ ಕೈಹಾಕುವವರ ಚರ್ಮ, ಕಣ್ಣು ನೋಡುತ್ತಾರೆ; ಟೈಫಾಯ್ಡ್‌ನಂಥ ಸೋಂಕಿಗೆ ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ. ಭೇದಿ, ಕಾಮಾಲೆ, ಕೈಯಲ್ಲಿ ಕೀವುಗಟ್ಟಿದ ಗಾಯ ಇದ್ದರೆ ಮೇಲ್ವಿಚಾರಕರಿಗೆ ಹೇಳಿ ಅಡುಗೆಮನೆಯಿಂದ ದೂರ ಉಳಿಯಬೇಕು. ಗಿರಾಕಿಯ ತಟ್ಟೆಯ ವಿಷಯವಿದು, ಇದಕ್ಕೆ ತಕರಾರು ಸಲ್ಲದು.

ಎಚ್‌ಐವಿ ಊಟದಿಂದಾಗಲಿ, ಒಟ್ಟಿಗೆ ಕೆಲಸ ಮಾಡುವುದರಿಂದಾಗಲಿ ಹರಡುವುದಿಲ್ಲ. 2018ರ ಸೆಪ್ಟೆಂಬರ್‌ 10ರಿಂದ ಜಾರಿಯಲ್ಲಿರುವ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಉದ್ಯೋಗಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಒಡ್ಡುವಂತಿಲ್ಲ. ನ್ಯಾಯಾಲಯದ ಆದೇಶವಿಲ್ಲದೆ ಸೋಂಕಿನ ವಿವರ ಹೇಳುವಂತೆ ಯಾರನ್ನೂ ಬಲವಂತಪಡಿಸುವಂತೆಯೂ ಇಲ್ಲ. ‘ಹೋಟೆಲ್ ಬೇರೆ’ ಎಂಬ ವಾದ ಇಲ್ಲಿ ನಡೆಯದು. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಈ ಕಾಯ್ದೆಯ ಉಲ್ಲಂಘನೆಯ ದೂರು ಸ್ವೀಕರಿಸಲು ಒಬ್ಬ ಅಧಿಕಾರಿ ಇರಲೇಬೇಕು. ಮಂಗಳೂರಿನ ದೊಡ್ಡ ಮೀನು ಸಂಸ್ಕರಣಾ ಘಟಕಗಳಿಗೂ ಇದು ಅನ್ವಯಿಸುತ್ತದೆ.