ಗುದ್ದಿದ ಕಾರು, ಗುಜರಿಯ ಇನ್ನೊಂದು ಕಾರು: ಮನೆಯಲ್ಲೇ ಕಟ್ಟಬಹುದಾ?

ಒಂದು ಗಾಡಿ ಮುಂದಿಟ್ಟುಕೊಂಡೇ ಮಾತಾಡೋಣ. ಹತ್ತು ವರ್ಷ ದಾಟಿದ ಮಾರುತಿ ಆಲ್ಟೊ. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಅಣ್ಣಿಗೇರಿ ಹತ್ತಿರ, ರಾತ್ರಿ ಹೊತ್ತು, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿದೆ ಅಂತ ಇಟ್ಟುಕೊಳ್ಳಿ. ಒಳಗಿದ್ದವರಿಗೆ ಏನೂ ಆಗಿಲ್ಲ. ಬಾನೆಟ್, ಬಂಪರ್, ರೇಡಿಯೇಟರ್, ಎರಡೂ ಹೆಡ್‌ಲೈಟು, ಎಡಗಡೆ ಚಕ್ರದ ಸಸ್ಪೆನ್ಷನ್ ಹೋಗಿವೆ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂದಿದ್ದಾರೆ. ಹುಬ್ಬಳ್ಳಿಯ ಗುಜರಿಯಲ್ಲಿ ಅದೇ ಮಾಡೆಲ್ಲಿನ ಇನ್ನೊಂದು ಆಲ್ಟೊ ನಿಂತಿದೆ. ಅದಕ್ಕೆ ಹಿಂದಿನಿಂದ ಲಾರಿ ಗುದ್ದಿದೆ, ಮುಂಭಾಗ ಗಟ್ಟಿಯಾಗಿದೆ. ಆ ಡೋನರ್ ಗಾಡಿಯನ್ನು ಮನೆ ಅಂಗಳಕ್ಕೆ ತಂದು, ಅದರ ಪಾರ್ಟ್ಸ್ ಬಿಚ್ಚಿ ನಮ್ಮ ಗಾಡಿಗೆ ಹಾಕಬೇಕಾ, ಬಿಡಬೇಕಾ?

ಪರ: ಕೈಯಲ್ಲಿ ಕೆಲಸ ಇದ್ದವರು ಗಾಡಿ ಯಾಕೆ ಬಿಡಬೇಕು?

ಟೋಟಲ್ ಲಾಸ್ ಅಂದ ಕೂಡಲೇ ಮನೆಯವರೆಲ್ಲ ಗಾಡಿ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಅದು ದುಡ್ಡಿನ ಲೆಕ್ಕ, ಅಷ್ಟೇ. ಪಾಲಿಸಿಯಲ್ಲಿ ಗಾಡಿಗೆ ಐಡಿವಿ ಅಂತ ಒಂದು ಬೆಲೆ ಬರೆದಿರುತ್ತಾರೆ. ರಿಪೇರಿ ಖರ್ಚು ಅದರ 75% ದಾಟಿದರೆ ಟೋಟಲ್ ಲಾಸ್. ಹೊಸ ಗಾಡಿ ಆ ಮಿತಿ ಮುಟ್ಟಬೇಕಾದರೆ ದೊಡ್ಡ ಅಪಘಾತವೇ ಆಗಬೇಕು. ಹಳೇ ಗಾಡಿಗೆ ಹಾಗಿಲ್ಲ. ಐಡಿವಿ ಒಂದು ಲಕ್ಷ ಇದ್ದರೆ 75 ಸಾವಿರಕ್ಕೇ ಕಥೆ ಮುಗಿಯಿತು. ಬಾನೆಟ್, ಲೈಟು, ರೇಡಿಯೇಟರ್, ಎಸಿ ಕಂಡೆನ್ಸರ್, ಲೇಬರ್, ಪೇಂಟು ಅಂತ ಹೊಸ ಮಾಲಿನ ರೇಟಿನಲ್ಲಿ ಕೂಡಿಸುತ್ತಾ ಹೋದರೆ ಆ ಮೊತ್ತ ದಾಟೋದು ಏನೂ ಕಷ್ಟವಲ್ಲ. ಎಂಜಿನ್ ಚೆನ್ನಾಗಿದೆ, ಗೇರ್‌ಬಾಕ್ಸ್ ಚೆನ್ನಾಗಿದೆ, ಜನ ಕೂರುವ ಜಾಗಕ್ಕೆ ಒಂದು ಗೀರೂ ಬಿದ್ದಿಲ್ಲ. ಆದರೂ ಕಾಗದದ ಮೇಲೆ ಗಾಡಿ ಮುಗಿದಿದೆ.

ಖರ್ಚು ಆ ಮಿತಿಯ ಒಳಗೇ ಇದ್ದು ರಿಪೇರಿ ಕ್ಲೇಮ್ ಸಿಕ್ಕಿತು ಅನ್ನಿ. ಆಗಲೂ ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ 50% ಕಡಿತ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೂ 50%. ಪಾರ್ಟ್ಸ್‌ನ ಅರ್ಧ ದುಡ್ಡು ನಮ್ಮ ಜೇಬಿನಿಂದಲೇ ಹೋಗಬೇಕು. ಟೋಟಲ್ ಲಾಸ್ ಆದಾಗ ಗುದ್ದಿದ ಗಾಡಿಯ ಬೆಲೆ ಕಳೆದು ಉಳಿದ ದುಡ್ಡು ತಗೊಂಡು, ಗಾಡಿಯನ್ನು ನಾವೇ ಇಟ್ಟುಕೊಳ್ಳುವ ದಾರಿ ಇದೆ. ಆರ್‌ಸಿ ಉಳಿಯುತ್ತದಾ, ರದ್ದಾಗುತ್ತದಾ ಅನ್ನೋದನ್ನು ಮಾತ್ರ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು.

ಡೋನರ್ ಗಾಡಿಯ ನಿಜವಾದ ಲಾಭ ಬಾನೆಟ್ಟಿನಲ್ಲಿಲ್ಲ. ಬಾನೆಟ್ಟು ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದೇ ಇರೋದು ಸಣ್ಣ ಪುಟ್ಟವು. ಹೆಡ್‌ಲೈಟಿನ ಹಿಂದಿನ ಪ್ಲಾಸ್ಟಿಕ್ ಕ್ಲಿಪ್, ಹಾರ್ನ್ ಕೂರುವ ಪಟ್ಟಿ, ರೇಡಿಯೇಟರ್ ಕೆಳಗಿನ ರಬ್ಬರ್ ಬುಷ್, ವೈರಿಂಗಿನ ಕಪ್ಲರ್, ಮಡ್‌ಫ್ಲಾಪ್ ಒಳಗಿನ ಸ್ಕ್ರೂ. ಬಿಡಿಬಿಡಿಯಾಗಿ ಕೊಳ್ಳಲು ಹೋದರೆ ಒಂದು ಕ್ಲಿಪ್ಪಿಗೆ ನಾಲ್ಕು ಅಂಗಡಿ ತಿರುಗಬೇಕು. ಇಡೀ ಗಾಡಿಯೇ ಪಕ್ಕದಲ್ಲಿ ನಿಂತಿದ್ದರೆ ಬಿಚ್ಚಿದ ಬೋಲ್ಟು ಕೂಡ ಅದೇ ಅಳತೆಯದ್ದು. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದಿದ್ದರೆ ತಿರುಗಿ ನೋಡಿದರೆ ಸಾಕು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗಲಿಕ್ಕಿಲ್ಲ.

ಆಲ್ಟೊದಂಥ ಗಾಡಿ ಬಿಚ್ಚೋದೂ ಸುಲಭ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಸುತ್ತ ಕೈ ಹಾಕಲು ಜಾಗ ಇದೆ. ಫೆಂಡರ್, ಬಾನೆಟ್, ಬಂಪರ್, ಲೈಟು ಎಲ್ಲ ಬೋಲ್ಟಿನ ಮೇಲೆ ನಿಂತಿವೆ. ಹತ್ತು, ಹನ್ನೆರಡು, ಹದಿನಾಲ್ಕು ನಂಬರಿನ ಪಾನಾ ಇದ್ದರೆ ಮುಂಭಾಗದ ಬಹುಪಾಲು ಕೆಲಸ ಆಗುತ್ತದೆ.

ಚಾಸಿಸ್ ಸೊಟ್ಟ ಆಗಿದೆಯಾ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ಅದನ್ನು ಪಾರ್ಟ್ಸ್ ತರುವ ಮೊದಲೇ ನೋಡಬೇಕು, ಅಂಗಳದಲ್ಲೇ ನೋಡಬಹುದು. ಗಾಡಿಯನ್ನು ಸಮತಟ್ಟು ಕಾಂಕ್ರೀಟಿನ ಮೇಲೆ ನಾಲ್ಕು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಕೆಳಗೆ ಕಂಪನಿಯವರೇ ಕೊರೆದ ತೂತುಗಳಿವೆ, ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ. ಪ್ರತಿ ತೂತಿನಿಂದಲೂ ಗೌಂಡಿಗಳು ಗೋಡೆಗೆ ಬಿಡುವ ಹಾಗೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ. ಗುಂಡಿನ ತುದಿ ಮುಟ್ಟಿದ ಕಡೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಗಾಡಿ ಪಕ್ಕಕ್ಕೆ ಸರಿಸಿ ಟೇಪು ಹಿಡಿಯಿರಿ. ಮುಂದಿನ ಎಡದಿಂದ ಹಿಂದಿನ ಬಲಕ್ಕೆ ಎಷ್ಟು, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಎಷ್ಟು? ಎರಡೂ ಒಂದೇ ಬಂದು, ಡೋನರ್ ಗಾಡಿಯ ಮುಂಭಾಗದ ಅಳತೆಯೂ ಇದಕ್ಕೆ ತಾಳೆಯಾದರೆ ಅಡಿ ನೆಟ್ಟಗಿದೆ ಅಂತ ನಂಬಲು ಕಾರಣ ಸಿಕ್ಕಿತು. ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ನಾನು ಪರವಾಗಿ ಮಾತಾಡುತ್ತಿರೋದು ನೆಟ್ಟಗಿರುವ ಗಾಡಿಗೆ ಮಾತ್ರ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೋದು ತಯಾರಕರು ಕೊಟ್ಟ ಮೂಲ ಸ್ವರೂಪವನ್ನೇ ಬದಲಿಸೋದನ್ನು. 2019ರ ಸುಪ್ರೀಂ ಕೋರ್ಟ್ ತೀರ್ಪಿನ ಒತ್ತು ಕೂಡ ಅದರ ಮೇಲೇ. ಆಲ್ಟೊದ ರೇಡಿಯೇಟರ್ ತೆಗೆದು ಆಲ್ಟೊಗೇ ಹಾಕೋದು ರಿಪೇರಿ. ಎಂಜಿನ್ನೇ ಬದಲಿಸುವುದಾದರೆ ಮಾತು ಬೇರೆ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇದೆ, ಹಾಗಾಗಿ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ. ನಮ್ಮ ಉದಾಹರಣೆಯ ಗಾಡಿಗೆ ಅದರ ಅಗತ್ಯವೇ ಇಲ್ಲ.

ನಮ್ಮ ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹುಬ್ಬಳ್ಳಿ ಕಬ್ಬಿಣ ಬಿಚ್ಚಿ ಜೋಡಿಸುವವರ ಊರು. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ತಲೆಮಾರುಗಳಿಂದ ಆ ಕೆಲಸ ನಡೆದಿದೆ. ಗೋಕುಲ ರಸ್ತೆಯಲ್ಲಿ, ತಾರಿಹಾಳದಲ್ಲಿ ಲೇತು ಇಟ್ಟವರು, ಬುಷ್ ಒತ್ತಿಕೊಡುವವರು, ವೀಲ್ ಅಲೈನ್‌ಮೆಂಟ್ ಮಾಡುವವರು ಇದ್ದಾರೆ. ಮನೆಯಲ್ಲಿ ಆಗದ್ದನ್ನು ಬಿಚ್ಚಿ ಅಲ್ಲಿಗೆ ಒಯ್ದು ಮಾಡಿಸಿ ತರಬಹುದು. ಐಟಿಐ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ಎರಡು ಗಾಡಿ ಪೂರ್ತಿ ಬಿಚ್ಚಿ ಒಂದನ್ನು ನಿಲ್ಲಿಸುವ ಅವಕಾಶ ಅವರಿಗೆ ಬೇರೆಲ್ಲೂ ಸಿಗೋದಿಲ್ಲ. ಇನ್ನೂ ಎಷ್ಟೋ ವರ್ಷ ಓಡಬಲ್ಲ ಎಂಜಿನ್ನನ್ನು ತೂಕಕ್ಕೆ ಹಾಕೋದು ನನಗಂತೂ ಸರಿ ಕಾಣೋದಿಲ್ಲ.

ವಿರೋಧ: ಪೆಟ್ಟು ಬಾನೆಟ್ಟಿನಲ್ಲೇ ನಿಲ್ಲೋದಿಲ್ಲ

ದುಡ್ಡಿನ ಲೆಕ್ಕ ಒಪ್ಪುತ್ತೇನೆ. ಕ್ಲಿಪ್ಪು, ಕಪ್ಲರಿನ ಮಾತನ್ನೂ ಒಪ್ಪುತ್ತೇನೆ. ನನ್ನ ತಕರಾರು ಆ ನೆಟ್ಟಗಿರುವ ಗಾಡಿಯ ಬಗ್ಗೆ.

ಚಕ್ರದ ಸಸ್ಪೆನ್ಷನ್ ಮುರಿಯುವಷ್ಟು ಪೆಟ್ಟು ಬಿದ್ದ ಗಾಡಿಯಲ್ಲಿ ಬೋಲ್ಟು ಬಿಚ್ಚಿ ಬದಲಿಸುವ ಭಾಗಗಳಿಗಷ್ಟೇ ಏಟಾಗಿರೋದು ಅಪರೂಪ. ಇಂಥ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಪೆಟ್ಟು ಮುಂದಿನ ಉದ್ದ ಪಟ್ಟಿಯಿಂದ ಸಸ್ಪೆನ್ಷನ್ ಕೂರುವ ಗೋಡೆಗೆ, ಅಲ್ಲಿಂದ ಬಾಗಿಲ ಕಂಬಕ್ಕೆ ಹರಿಯುತ್ತದೆ. ದಾರ, ಗುಂಡು, ಸೀಮೆಸುಣ್ಣದ ಅಳತೆ ಒಳ್ಳೆಯದೇ. ಆದರೆ ಅದು ನೆಲಕ್ಕೆ ಬಿದ್ದ ಗುರುತು. ಉದ್ದ ಅಗಲ ಹೇಳುತ್ತದೆ, ಎತ್ತರ ಹೇಳೋದಿಲ್ಲ. ಒಂದು ಕಡೆಯ ಪಟ್ಟಿ ಮೇಲಕ್ಕೆ ಎದ್ದಿದ್ದರೂ ಕರ್ಣದ ಅಳತೆ ಹೆಚ್ಚುಕಡಿಮೆ ಸರಿಯೇ ಬರಬಹುದು. ಬಾಡಿ ರಿಪೇರಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಬಾಡಿ ಶಾಪ್‌ಗಳಲ್ಲಿ ಗಾಡಿಯನ್ನು ಜಿಗ್ ಅನ್ನುವ ಗಟ್ಟಿ ಉಕ್ಕಿನ ಚೌಕಟ್ಟಿನ ಮೇಲೆ ಕಚ್ಚಿಸಿ ಎಳೆದು ಸರಿಮಾಡೋದು ಇದಕ್ಕೇ. ಅಂಗಳದಲ್ಲಿ ಅದು ಎಲ್ಲಿಂದ ಬರಬೇಕು?

ಕೆಲಸ ದಾರಿ ತಪ್ಪೋದು ಇಲ್ಲೇ. ಡೋನರ್ ಗಾಡಿ ಬಂದಾಗಿದೆ, ದುಡ್ಡು ಹೋಗಿದೆ, ಅರ್ಧ ಬಿಚ್ಚಿಯೂ ಆಗಿದೆ. ಆಗ ಫೆಂಡರಿನ ಬೋಲ್ಟು ತೂತಿಗೆ ಕೂರೋದಿಲ್ಲ. ಅಲ್ಲಿಗೇ ನಿಲ್ಲಿಸುತ್ತೇನೆ ಅಂತ ಮೊದಲು ಹೇಳಿದವರಿಗೂ ಆ ಹೊತ್ತಿಗೆ ಬಿಡಲು ಮನಸ್ಸು ಬರೋದಿಲ್ಲ. ಗ್ರೈಂಡರ್ ಬರುತ್ತದೆ. ಡೋನರ್ ಗಾಡಿಯ ಮೂತಿಯನ್ನೇ ಕತ್ತರಿಸಿ ಇದಕ್ಕೆ ವೆಲ್ಡ್ ಹೊಡೆದರಾಯಿತು ಅನ್ನುವ ಸಲಹೆಯೂ ಬರುತ್ತದೆ, ಕೊಡುವವರಿಗೇನು ಕಡಿಮೆ ಇಲ್ಲ. ಎರಡು ಗಾಡಿಯ ಅರ್ಧರ್ಧ ಸೇರಿಸಿದ ಕಾರು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಇನ್ನೊಮ್ಮೆ ಗುದ್ದುವವರೆಗೆ. ಆಗ ಆ ಬೆಸುಗೆ ಎಲ್ಲಿ ಬಿಡುತ್ತದೆ ಅಂತ ಯಾರು ಹೇಳಬೇಕು?

ಆಲ್ಟೊ ಹಳೇ ಕಾಲದ ಸರಳ ಗಾಡಿ ಅನ್ನಬಹುದು. ಆದರೆ ಇದೇ ಧೈರ್ಯ ನಾಳೆ ಹೊಸ ಗಾಡಿಗಳಿಗೂ ಹರಡುತ್ತದೆ. ಈಗಿನ ಕಾರುಗಳ ಕಂಬಗಳಲ್ಲಿ ಹೆಚ್ಚು ಬಲದ ಉಕ್ಕು ಇರುತ್ತದೆ. ಅದಕ್ಕೆ ಬೇಕಾಬಿಟ್ಟಿ ಬೆಂಕಿ ಹಿಡಿದರೆ ಬಲ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೇ ಕಾಣುತ್ತದೆ. 2021ರ ಕೊನೆಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಮತ್ತೆ ಕೆಲಸಕ್ಕೆ ಬಾರದು. ಜೊತೆಗೆ ಸೀಟ್ ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್ ಹೋಗಿರುತ್ತದೆ, ಏರ್‌ಬ್ಯಾಗ್ ನಿಯಂತ್ರಿಸುವ ಕಂಟ್ರೋಲ್ ಯೂನಿಟ್ಟನ್ನೂ ಬದಲಿಸಬೇಕಾಗುತ್ತದೆ. ಇದೆಲ್ಲ ದುಬಾರಿ. ಅದಕ್ಕೇ ಕೆಲವರು ಏರ್‌ಬ್ಯಾಗ್ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸುತ್ತಾರೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರುತ್ತದೆ. ಸ್ಟೀರಿಂಗ್ ಒಳಗೆ ಏನೂ ಇಲ್ಲ. ಇದನ್ನು ನಾನು ರಿಪೇರಿ ಅಂತ ಕರೆಯಲಾರೆ. ಜನರ ಜೀವಕ್ಕೆ ಮಾಡುವ ಮೋಸ ಇದು.

ಕೆಲಸ ಮಾಡುವವರ ಜೀವದ ಮಾತೂ ಇದೆ. ನವಲಗುಂದ, ಗದಗ ಕಡೆ ಎಷ್ಟೋ ಮನೆಗಳ ಹಿತ್ತಲು ಎರಿ ಮಣ್ಣು. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಬೆಣ್ಣೆ. ಆ ನೆಲದಲ್ಲಿ ಜಾಕ್ ಕೊಟ್ಟು ಗಾಡಿ ಕೆಳಗೆ ತೂರುವವರನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಜಾಕ್ ಇರೋದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಎರಿ ನೆಲದಲ್ಲಿ ಸ್ಟ್ಯಾಂಡೂ ಇಳಿಯುತ್ತದೆ, ಕೆಳಗೆ ಅಗಲವಾದ ದಪ್ಪ ಹಲಗೆ ಬೇಕೇ ಬೇಕು. ಇನ್ನು ಪೇಂಟು. ಹಾರ್ಡ್‌ನರ್ ಬೆರೆಸುವ ಕಾರಿನ ಪೇಂಟಿನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಶ್ವಾಸಕ್ಕೆ ಹೋದರೆ ಉಬ್ಬಸ ಅಂಟಿಕೊಳ್ಳಬಹುದು, ಮೂಗಿಗೆ ಕಟ್ಟಿದ ಕರ್ಚೀಫು ಅದನ್ನು ತಡೆಯೋದಿಲ್ಲ. ಪಕ್ಕದ ಮನೆಯ ಕಿಟಕಿ ಹತ್ತು ಅಡಿ ದೂರದಲ್ಲಿದ್ದರೆ ಅವರ ಮಕ್ಕಳಿಗೂ ಅದೇ ಗಾಳಿ.

ಡೋನರ್ ಗಾಡಿ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯನ್ನು ಪರ ವಾದ ಮುಟ್ಟಲೇ ಇಲ್ಲ, ಅಲ್ವಾ? ಗಾಡಿ ಮತ್ತೆ ಬಳಸಲಾಗದ ಸ್ಥಿತಿಗೆ ಬಂದರೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಆರ್‌ಸಿ ಒಪ್ಪಿಸಬೇಕು. ಕಾಯ್ದೆಯ 55ನೇ ಕಲಂ ಹೇಳೋದು ಇದನ್ನೇ. ಗುಜರಿಯಲ್ಲಿ ನಿಂತ ಗಾಡಿಗೆ ಈ ಕಾಗದ ಇದೆಯಾ ಅಂತ ಕೇಳುವವರು ಕಡಿಮೆ. ಕಾಗದ ಇಲ್ಲದ ಗಾಡಿ ಕಳವಿನದ್ದಾದರೆ ಅಂಗಳಕ್ಕೆ ಪೊಲೀಸರು ಬರುತ್ತಾರೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಗುದ್ದಿದ ಗಾಡಿಯ ಆರ್‌ಸಿ, ಚಾಸಿಸ್ ನಂಬರ್ ಇರುವ ತುಂಡು ಕಳ್ಳರಿಗೆ ಬೇಕಾದ ಮಾಲು. ಕದ್ದ ಕಾರಿಗೆ ಆ ನಂಬರ್ ಕೂರಿಸಿ ಮಾರುತ್ತಾರೆ. ಅದಕ್ಕೇ ಪಾರ್ಟ್ಸ್ ಬಿಚ್ಚಿ ಉಳಿದ ಡಬ್ಬವನ್ನು ಸಿಕ್ಕವರಿಗೆ ತೂಕಕ್ಕೆ ಕೊಡಬಾರದು. 2021ರ ಸ್ಕ್ರ್ಯಾಪಿಂಗ್ ನಿಯಮಗಳ ಪ್ರಕಾರ ನೋಂದಾಯಿತ ಕೇಂದ್ರಗಳಿವೆ, ಅಲ್ಲಿಗೇ ಹೋಗಬೇಕು. ನಮ್ಮ ಗುದ್ದಿದ ಆಲ್ಟೊವನ್ನೇ ಅಲ್ಲಿಗೆ ಕೊಟ್ಟರೆ ಸಿಗುವ ಸರ್ಟಿಫಿಕೇಟಿನ ಮೇಲೆ ಹೊಸ ಗಾಡಿಯ ತೆರಿಗೆಯಲ್ಲಿ 25%ವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ.

ಇಷ್ಟೆಲ್ಲ ದಾಟಿ ಗಾಡಿ ಚೆನ್ನಾಗಿಯೇ ನಿಂತಿತು ಅನ್ನಿ. ಕಟ್ಟಿದವರಿಗೆ ಎಲ್ಲಿ ಬೆಸುಗೆ ಇದೆ, ಎಲ್ಲಿ ಪುಟ್ಟಿ ಮೆತ್ತಿದೆ ಅಂತ ಗೊತ್ತು. ಅವರು ಮೆಲ್ಲಗೆ ಓಡಿಸುತ್ತಾರೆ. ಮೂರು ವರ್ಷದ ನಂತರ ಅದು ಮಾರಾಟಕ್ಕೆ ಬರುತ್ತದೆ. ನಮ್ಮ ಆರ್‌ಸಿಯಲ್ಲಿ ಟೋಟಲ್ ಲಾಸ್ ಆಗಿತ್ತು ಅಂತ ತೋರಿಸುವ ಕಾಲಂ ಇಲ್ಲ. ಕೊಳ್ಳುವವರು ಹಾವೇರಿಯ ಒಂದು ಕುಟುಂಬ ಅನ್ನಿ, ಮೊದಲ ಕಾರು. ಅವರು ಬಣ್ಣ ನೋಡುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ, ಎಸಿ ಹಾಕಿ ನೋಡುತ್ತಾರೆ. ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಎಳೆದು ನೋಡುವವರು ಎಷ್ಟು ಜನ? ಕಂಪನಿಯ ಗಾಡಿಯಲ್ಲಿ ಆ ರಬ್ಬರಿನ ಕೆಳಗೆ ಸ್ಪಾಟ್ ವೆಲ್ಡಿನ ಸಣ್ಣ ದುಂಡು ಗುಳಿಗಳು ಸಾಲಾಗಿ ಇರುತ್ತವೆ. ನಡುವೆ ಸಾಲು ಮಾಯವಾಗಿ ನುಣ್ಣಗಿದ್ದರೆ, ಅಥವಾ ಉಬ್ಬಿದ ಬೆಸುಗೆ ಗೆರೆ ಕೈಗೆ ಸಿಕ್ಕರೆ, ಅಲ್ಲಿ ಯಾರೋ ಕೆಲಸ ಮಾಡಿದ್ದಾರೆ ಅಂತ ಅರ್ಥ. ಬಾಡಿಯ ಮೇಲೆ ಮ್ಯಾಗ್ನೆಟ್ ಸರಿಸಿದಾಗ ಲೋಹ ಇರಬೇಕಾದ ಕಡೆ ಅಂಟದಿದ್ದರೆ ಒಳಗೆ ದಪ್ಪ ಪುಟ್ಟಿ ಇದೆ.

ಈ ಪರೀಕ್ಷೆಗಳನ್ನು ಕೊಳ್ಳುವವರು ಕಲಿತರೆ ಒಳ್ಳೆಯದೇ. ಆದರೆ ಹೊಣೆ ಅವರದ್ದಲ್ಲ. ಮನೆಯಲ್ಲಿ ಕಟ್ಟುವವರು ಮೊದಲ ದಿನದಿಂದ ಫೋಟೊ ತೆಗೆದಿಡಲಿ, ಡೋನರ್ ಗಾಡಿಯ ಕಾಗದ ಇಡಲಿ, ಎಲ್ಲಿ ಬೆಂಕಿ ತಾಗಿದೆ ಅಂತ ಬರೆದಿಡಲಿ. ಮಾರುವಾಗ ಇದನ್ನೆಲ್ಲ ಕೀಲಿಕೈ ಜೊತೆ ಕೈಗಿಡಬೇಕು, ಅದರಿಂದ ಬೆಲೆ ಎಷ್ಟು ಇಳಿದರೂ ಸರಿ. ಹಾಗೆ ಇಳಿದ ಬೆಲೆಯನ್ನು ಮೊದಲೇ ಖರ್ಚಿನ ಪಟ್ಟಿಯಲ್ಲಿ ಸೇರಿಸಿಕೊಂಡು ನೋಡಿ. ಪರ ವಾದ ಹೇಳುವ ಉಳಿತಾಯದಲ್ಲಿ ಎಷ್ಟು ಉಳಿಯುತ್ತದೆ ಅಂತ ಆಗ ಗೊತ್ತಾಗುತ್ತದೆ.